ಚಾಲಕನಿಲ್ಲದ ಗಾಡಿ: ಇಳಿದು ನೋಡುವವರು ಯಾರು?

2025ರ ಕಾರ್ತಿಕ ಮಾಸದ ಒಂದು ಭಾನುವಾರ ನಾವು ಸಕುಟುಂಬರಾಗಿ ಬೊಮ್ಮಸಂದ್ರದ ಬಳಿ ಬಂಧುಗಳೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆವು. ಆ ವರ್ಷದ ಆಗಸ್ಟ್ 10ರಂದು ಉದ್ಘಾಟನೆಗೊಂಡ ಮೆಟ್ರೋ ಹಳದಿ ಮಾರ್ಗದಲ್ಲಿ, ಆರ್.ವಿ. ರಸ್ತೆಯ ನಿಲ್ದಾಣದಿಂದ ಪಯಣ. ನಮ್ಮೊಡನಿದ್ದ ಹತ್ತು ವರ್ಷದ ಮೊಮ್ಮಗ ಮುಂದಿನ ಬೋಗಿಯಲ್ಲೇ ಕೂರಬೇಕೆಂದು ಹಟ ಹಿಡಿದ. "ಈ ರೈಲು ಡ್ರೈವರ್ ಇಲ್ಲದೇನೂ ಓಡುತ್ತಂತೆ, ಹೌದಾ ಅಜ್ಜ?" ಎಂಬುದು ಅವನ ಪ್ರಶ್ನೆ. ಹೌದು, ಆ ಮಾರ್ಗದ ರೈಲುಗಳಿಗೆ ಚಾಲಕರಿಲ್ಲದೆಯೂ ಓಡುವ ಸಾಮರ್ಥ್ಯವನ್ನು ಕೊಡಲಾಗಿದೆ. ಆದರೂ ಸೇವೆ ಆರಂಭವಾದಾಗ ಪ್ರತಿ ರೈಲಿನಲ್ಲಿಯೂ ಚಾಲಕರನ್ನು ಕೂರಿಸಿಯೇ ಓಡಿಸಲಾಯಿತು. ಇದನ್ನು ಹೇಳಿದಾಗ ಬಾಲಕನಿಗೆ ನಿರಾಸೆಯಾಯಿತು. ಅವನ ಅಜ್ಜಿಗೆ ಸಮಾಧಾನವಾಯಿತು.

ಮನೆಯ ಯಜಮಾನರು ಮೂವತ್ತೆರಡು ವರ್ಷ ಲಾರಿ ಓಡಿಸಿದವರು. ತಿಪಟೂರಿನಿಂದ ಕೊಬ್ಬರಿ ಹೇರಿಕೊಂಡು ಬಂದು, ಪೀಣ್ಯದಿಂದ ಯಂತ್ರದ ಬಿಡಿಭಾಗಗಳನ್ನು ತುಂಬಿಕೊಂಡು ಹೋದವರು. ಆ ದುಡಿಮೆಯಲ್ಲಿ ಮಗನನ್ನು ಇಂಜಿನಿಯರಿಂಗ್ ಓದಿಸಿದರು. ಮಗ ಈಗ ವೈಟ್‌ಫೀಲ್ಡಿನ ಕಚೇರಿಯೊಂದರಲ್ಲಿ ಪರದೇಶದ ಕಾರುಗಳು ತಾವೇ ಬ್ರೇಕ್ ಹಾಕಿಕೊಳ್ಳುವ ತಂತ್ರಾಂಶವನ್ನು ಪರೀಕ್ಷಿಸುವ ಕೆಲಸದಲ್ಲಿದ್ದಾರೆ. ತಂದೆಯ ಕಾಲು ಮಾಡುತ್ತಿದ್ದ ಕೆಲಸವನ್ನು ಮಗ ಗಣಿತದಲ್ಲಿ ಮಾಡುತ್ತಿದ್ದಾರೆ ಎನ್ನಬಹುದು.

ಪ್ರಸಾದವಾದ ಮೇಲೆ ಚಾವಡಿಯಲ್ಲಿ ಎಲ್ಲರೂ ಕುಳಿತಿದ್ದಾಗ, ಯುವಕನೊಬ್ಬ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಬೆಂಗಳೂರಿನ ಕಾಲೇಜೊಂದರ ಆವರಣದಲ್ಲಿ ಕಾರೊಂದು ಚಾಲಕನಿಲ್ಲದೆ ಸಾಗುತ್ತಿತ್ತು. ಸ್ವಾಮೀಜಿಯೊಬ್ಬರು ಅದರಲ್ಲಿ ಕುಳಿತಿದ್ದರು. ಎಲ್ಲರೂ ಅಚ್ಚರಿಪಟ್ಟರು. ಯಜಮಾನರು ಮಾತ್ರ ಮಗನ ಕಡೆ ತಿರುಗಿ ಕೇಳಿದರು:

"ಅದೆಲ್ಲಾ ಸರಿ ಮಗಾ, ಗಾಡಿ ಯಾರಿಗಾದರೂ ತಗುಲಿದರೆ ಇಳಿದು ನೋಡೋರು ಯಾರು?"

"ತಗುಲದ ಹಾಗೆ ಮಾಡೋದೇ ನಮ್ಮ ಕೆಲಸ ಅಪ್ಪಾಜಿ."

"ತಗುಲದ ಹಾಗೆ ಓಡಿಸೋದೇ ನನ್ನ ಕೆಲಸವೂ ಆಗಿತ್ತು. ಆದರೂ ಒಂದು ದಿನ ತಗುಲಿತಲ್ಲ."

ಆ ದಿನದ ಸಂಗತಿ ಮನೆಯವರಿಗೆಲ್ಲ ಗೊತ್ತು. ಮೂವತ್ತು ವರ್ಷಗಳ ಹಿಂದೆ, ನೆಲಮಂಗಲ ದಾಟಿ ಬರುತ್ತಿದ್ದ ಮುಸ್ಸಂಜೆಯಲ್ಲಿ, ಪಕ್ಕದ ಮಣ್ಣುದಾರಿಯಿಂದ ಸೈಕಲ್ ಸವಾರನೊಬ್ಬ ನೇರವಾಗಿ ಹೆದ್ದಾರಿಗಿಳಿದ. ಬ್ರೇಕ್ ಒತ್ತಿದರೂ ಲಾರಿಯ ಮೂಲೆ ತಗುಲಿತು. ನಿಂತರೆ ಜನ ಹೊಡೆದಾರು, ಓಡೋಣ ಎಂದು ಕ್ಲೀನರ್ ಕೈಹಿಡಿದು ಎಳೆದ. ಇವರು ಇಳಿದರು. ರಕ್ತ ಸೋರುತ್ತಿದ್ದ ಹುಡುಗನನ್ನು ಎತ್ತಿ ಕ್ಯಾಬಿನ್ನಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಸೇರಿಸಿ, ಅವನ ತಾಯಿ ಬರುವ ತನಕ ಬಾಗಿಲಲ್ಲೇ ಕುಳಿತರು. ಅನಂತರ ನಾಲ್ಕು ವರ್ಷ ನ್ಯಾಯಾಲಯಕ್ಕೆ ಅಲೆದರು. ಆ ಹುಡುಗ ಬದುಕಿದ. ಈಗ ಇಬ್ಬರು ಮಕ್ಕಳ ತಂದೆಯಾದ ಆತ ಅಂದು ನಮ್ಮ ಪಂಕ್ತಿಯಲ್ಲಿಯೇ ಕುಳಿತು ಪ್ರಸಾದ ಸ್ವೀಕರಿಸಿದ್ದರು.

ಮಗ ಸ್ವಲ್ಪ ಹೊತ್ತು ಯೋಚಿಸಿ ಪ್ರಾಮಾಣಿಕವಾಗಿ ಹೇಳಿದರು: "ನಮ್ಮ ಪರೀಕ್ಷೆಯ ಪಟ್ಟಿಯಲ್ಲಿ ಗಾಡಿ ನಿಲ್ಲೋ ತನಕ ಇದೆ ಅಪ್ಪಾಜಿ. ನಿಂತ ಮೇಲಿನದು ಇಲ್ಲ."

ಅಂದಿನಿಂದ ಈ ಮಾತು ನಮ್ಮನ್ನು ಬಿಟ್ಟಿಲ್ಲ. ಯಂತ್ರವು ಗಾಡಿಯನ್ನು ಓಡಿಸಬಲ್ಲದೇ ಎಂಬ ಪ್ರಶ್ನೆಗೆ ವಿಜ್ಞಾನಿಗಳು ಉತ್ತರ ಹುಡುಕುತ್ತಿದ್ದಾರೆ. ಆದರೆ ಓಡಿಸುವಾತನ ಹೊಣೆಯನ್ನು ಹೊರುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಬರೆಯಬೇಕಾದುದು ಸರ್ಕಾರ, ಬರೆಯಿಸಬೇಕಾದುದು ನಾವು.

ನಮ್ಮೂರಿಗೆ ಬಂದಿರುವುದೇನು?

ಚಾಲಕರಹಿತ ವಾಹನವೆಂಬುದು ಬೆಂಗಳೂರಿಗೆ ದೂರದ ಸುದ್ದಿಯಲ್ಲ. 2017ರ ಜುಲೈ ತಿಂಗಳಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಇನ್ಫೋಸಿಸ್ ಆವರಣದಲ್ಲಿ, ಆಗಿನ ಮುಖ್ಯಾಧಿಕಾರಿ ವಿಶಾಲ್ ಸಿಕ್ಕಾ ಅವರು ಪತ್ರಕರ್ತರ ಭೇಟಿಗೆ ಬಂದದ್ದು ಚಾಲಕನಿಲ್ಲದ ಸಣ್ಣ ಗಾಡಿಯಲ್ಲಿ. ಅದನ್ನು ಸಿದ್ಧಪಡಿಸಿದವರು ಅದೇ ಸಂಸ್ಥೆಯ ಇಂಜಿನಿಯರುಗಳು. 2023ರ ಜೂನ್‌ನಲ್ಲಿ ಬೆಂಗಳೂರಿನ ಮೈನಸ್ ಝೀರೋ ಎಂಬ ಹೊಸ ಸಂಸ್ಥೆ ಸ್ಟಿಯರಿಂಗ್ ಚಕ್ರವೇ ಇಲ್ಲದ ಪುಟ್ಟ ವಾಹನವನ್ನು ಪ್ರದರ್ಶಿಸಿತು. 2025ರ ಅಕ್ಟೋಬರ್‌ನಲ್ಲಿ ವಿಪ್ರೋ, ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ಆರ್.ವಿ. ಇಂಜಿನಿಯರಿಂಗ್ ಕಾಲೇಜು ಒಟ್ಟಾಗಿ ರೂಪಿಸಿದ 'ವಿರಿನ್' ಎಂಬ ಕಾರು ಕಾಲೇಜಿನ ಆವರಣದಲ್ಲಿ ಓಡಿತು. ಉತ್ತರಾದಿ ಮಠದ ಶ್ರೀ ಸತ್ಯಾತ್ಮತೀರ್ಥ ಸ್ವಾಮೀಜಿಯವರು ಕುಳಿತು ಸಂಚರಿಸಿದ್ದು ಇದರಲ್ಲಿಯೇ. ಗೃಹಪ್ರವೇಶದ ದಿನ ನಾವು ಕಂಡ ಚಿತ್ರವೂ ಅದೇ.

ಇದಲ್ಲದೆ, ಜಗತ್ತಿನ ದೊಡ್ಡ ದೊಡ್ಡ ವಾಹನ ಕಂಪನಿಗಳ ಬುದ್ಧಿಯ ಕೆಲಸ ನಮ್ಮ ನಗರದ ಹೊರವಲಯದಲ್ಲಿ ನಡೆಯುತ್ತಿದೆ. ಜರ್ಮನಿಯ ಮರ್ಸಿಡಿಸ್-ಬೆಂಜ್ ಸಂಸ್ಥೆ 1996ರಲ್ಲಿಯೇ ಬೆಂಗಳೂರಿನಲ್ಲಿ ಸಂಶೋಧನಾ ಕೇಂದ್ರವನ್ನು ತೆರೆಯಿತು. ಅದರ ದೊಡ್ಡ ಕಚೇರಿ ವೈಟ್‌ಫೀಲ್ಡಿನಲ್ಲಿದೆ. ನಮ್ಮ ಮನೆಗಳ ಗಂಡುಮಕ್ಕಳು, ಹೆಣ್ಣುಮಕ್ಕಳು ಅನೇಕರು ಇಂತಹ ಕಚೇರಿಗಳಲ್ಲಿ ಇದ್ದಾರೆ. ಅವರು ಬರೆದ ತಂತ್ರಾಂಶ ಪರದೇಶದ ಹೆದ್ದಾರಿಗಳಲ್ಲಿ ಗಾಡಿಗಳನ್ನು ಸಾಗಿಸುತ್ತದೆ. ಅವರೋ ಸಂಜೆ ಹೋಪ್ ಫಾರಂ ವೃತ್ತದಲ್ಲಿ ವಾಹನಗಳ ನಡುವೆ ಸಿಕ್ಕಿಕೊಂಡು, ಕ್ಲಚ್ಚು ಒತ್ತಿ ಒತ್ತಿ ಕಾಲು ನೋಯಿಸಿಕೊಂಡು ಮನೆ ಸೇರುತ್ತಾರೆ.

ಮೇಲೆ ಹೇಳಿದ ಮೂರು ಗಾಡಿಗಳೂ ಜನರ ಕಣ್ಣಿಗೆ ಬಿದ್ದದ್ದು ಪ್ರದರ್ಶನಗಳಲ್ಲಿ. ನಮ್ಮ ಬೀದಿಗಳಲ್ಲಿ ಅಲ್ಲ. ಅದಕ್ಕೆ ಕಾರಣ ಕಾನೂನು. ಅದನ್ನು ತಿಳಿಯುವ ಮೊದಲು 'ತಾನೇ ಓಡುವುದು' ಎಂದರೇನೆಂಬುದನ್ನು ಸ್ವಲ್ಪ ವಿಂಗಡಿಸಿಕೊಳ್ಳಬೇಕು.

ಆರು ಮೆಟ್ಟಿಲುಗಳು

ಅಮೆರಿಕದ ವಾಹನ ಇಂಜಿನಿಯರುಗಳ ಸಂಘವು 2014ರಲ್ಲಿ ಇದಕ್ಕೆ ಸೊನ್ನೆಯಿಂದ ಐದರವರೆಗೆ ಆರು ಮೆಟ್ಟಿಲುಗಳನ್ನು ಗೊತ್ತುಪಡಿಸಿತು. ಇಂದು ಹೆಚ್ಚಿನ ದೇಶಗಳಲ್ಲಿ ಇದೇ ಲೆಕ್ಕ ಬಳಕೆಯಲ್ಲಿದೆ. ಸೊನ್ನೆಯಲ್ಲಿ ಎಲ್ಲವೂ ಮನುಷ್ಯನದೇ. ಒಂದರಲ್ಲಿ ಚಕ್ರ ತಿರುಗಿಸುವುದಕ್ಕೋ ವೇಗ ಹಿಡಿತಕ್ಕೋ, ಎರಡರಲ್ಲಿ ಒಂದಕ್ಕೆ ಯಂತ್ರದ ಸಹಾಯ. ಎರಡನೆಯದರಲ್ಲಿ ಈ ಎರಡನ್ನೂ ಯಂತ್ರ ಮಾಡುತ್ತದೆ. ಆದರೆ ರಸ್ತೆಯ ಮೇಲಿನ ಕಣ್ಣು ಮನುಷ್ಯನದೇ ಆಗಿರಬೇಕು. 2021ರ ಈಚೆಗೆ ನಮ್ಮ ದೇಶದಲ್ಲಿ ಮಾರಾಟವಾಗುತ್ತಿರುವ ಕೆಲವು ಕಾರುಗಳಲ್ಲಿ ಇರುವುದು ಇಷ್ಟೇ. ಅಂತಹ ಕಾರು ಕೊಂಡವರು 'ಗಾಡಿ ತಾನೇ ಓಡುತ್ತದೆ' ಎಂದು ಕೈಬಿಟ್ಟು ಕೂರುವುದು ಶುದ್ಧ ಅವಿವೇಕ.

ಮೂರನೆಯ ಮೆಟ್ಟಿಲಿನಲ್ಲಿ ಕಣ್ಣೂ ಯಂತ್ರದ್ದು. ಆದರೆ ಅದು ಕರೆದೊಡನೆ ಮನುಷ್ಯ ಚಕ್ರ ಹಿಡಿಯಲು ಸಿದ್ಧನಿರಬೇಕು. ನಾಲ್ಕನೆಯದರಲ್ಲಿ ಒಂದು ಗೊತ್ತಾದ ಪ್ರದೇಶದೊಳಗೆ ಮನುಷ್ಯನ ಅಗತ್ಯವೇ ಇಲ್ಲ. ಐದನೆಯದು ಎಲ್ಲ ರಸ್ತೆ, ಎಲ್ಲ ಕಾಲಗಳಲ್ಲೂ ಮನುಷ್ಯನಿಲ್ಲದೆ ಓಡುವ ಗಾಡಿ. ಅದು ಇನ್ನೂ ಕನಸು. ಎರಡರಿಂದ ಮೂರನೆಯ ಮೆಟ್ಟಿಲಿಗೆ ಏರುವಾಗ ಹೊಣೆಯು ಮನುಷ್ಯನ ಕೈಯಿಂದ ಜಾರುತ್ತದೆ. ಸರ್ಕಾರಗಳು ಎಚ್ಚರ ವಹಿಸಬೇಕಾದುದು ಇಲ್ಲಿ.

ಕಾನೂನಿನ ಕಣ್ಣಿನಲ್ಲಿ ಚಾಲಕ

ನಮ್ಮ ರಸ್ತೆಗಳನ್ನು ಆಳುವುದು 1988ರ ಮೋಟಾರು ವಾಹನ ಅಧಿನಿಯಮ. ಅದರ 3ನೆಯ ಕಲಮಿನ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ವಾಹನ ಓಡಿಸುವ ಯಾವನೇ ವ್ಯಕ್ತಿಗೆ ಚಾಲನಾ ಪರವಾನಗಿ ಇರಲೇಬೇಕು. ಆರ್.ಟಿ.ಓ. ಕಚೇರಿಯ ಮೈದಾನದಲ್ಲಿ ಎಂಟು ಹಾಕಿ, ಇನ್ಸ್‌ಪೆಕ್ಟರರ ಮುಂದೆ ಗಾಡಿ ಹಿಂದೆ ಮುಂದೆ ನಡೆಸಿ ತೋರಿಸಿದ ಮೇಲೆ ಸಿಗುವ ಆ ಚೀಟಿಯ ಅರ್ಥವೇನು? 'ಈ ಗಾಡಿಯಿಂದ ಆಗುವುದಕ್ಕೆ ನಾನು ಉತ್ತರ ಕೊಡುತ್ತೇನೆ' ಎಂದು ಒಬ್ಬ ಮನುಷ್ಯ ಸಮಾಜಕ್ಕೆ ಕೊಟ್ಟ ಮಾತು. ತಪ್ಪಿದರೆ ಆ ಚೀಟಿಯನ್ನು ಕಸಿದುಕೊಳ್ಳಬಹುದು. ಅಜಾಗರೂಕತೆಯಿಂದ ಸಾವು ಸಂಭವಿಸಿದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಡಿ ಐದು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಕಸಿದುಕೊಳ್ಳಲು ಪರವಾನಗಿಯೂ ಸೆರೆಯಲ್ಲಿಡಲು ದೇಹವೂ ಇಲ್ಲದ ತಂತ್ರಾಂಶಕ್ಕೆ ಈ ಯಾವ ಭಯವನ್ನು ತೋರಿಸುವುದು?

ಅದೇ ಅಧಿನಿಯಮದ 134ನೆಯ ಕಲಮು ನಮ್ಮ ಲಾರಿ ಚಾಲಕರ ಪ್ರಶ್ನೆಯನ್ನೇ ಕಾನೂನಿನ ಭಾಷೆಯಲ್ಲಿ ಹೇಳುತ್ತದೆ. ಅಪಘಾತವಾದಾಗ ಗಾಯಾಳುವಿಗೆ ವೈದ್ಯಕೀಯ ನೆರವು ದೊರಕಿಸಲು ಸಾಧ್ಯವಾದ ಎಲ್ಲ ಕ್ರಮಗಳನ್ನು ಕೈಗೊಳ್ಳುವುದು ಚಾಲಕನ ಕರ್ತವ್ಯವೆಂದು ಅದು ವಿಧಿಸುತ್ತದೆ. ಅಂದು ನೆಲಮಂಗಲದ ದಾರಿಯಲ್ಲಿ ಇಳಿದವರು ಈ ಕಲಮನ್ನು ಓದಿದವರಲ್ಲ. ಆದರೆ ಮಾಡಿದ್ದು ಅದನ್ನೇ.

2019ರ ತಿದ್ದುಪಡಿಯಲ್ಲಿ ಈ ಅಧಿನಿಯಮಕ್ಕೆ 2ಬಿ ಎಂಬ ಹೊಸ ಕಲಮು ಸೇರಿತು. ಹೊಸ ಶೋಧನೆಗಳಿಗೆ ಪ್ರೋತ್ಸಾಹ ನೀಡುವ ಸಲುವಾಗಿ ಕೇಂದ್ರ ಸರ್ಕಾರವು ಕೆಲವು ಬಗೆಯ ವಾಹನಗಳಿಗೆ ಷರತ್ತುಗಳೊಡನೆ ಕಾನೂನಿನಿಂದ ವಿನಾಯಿತಿ ಕೊಡಬಹುದು ಎಂಬುದು ಅದರ ಸಾರ. ಬಾಗಿಲಿಗೆ ಚಿಲಕ ಮಾಡಿಟ್ಟಿದೆ, ತೆರೆಯುವ ಕಾಲ ಇನ್ನೂ ಬಂದಿಲ್ಲ ಎನ್ನಬಹುದು. ಪೂರ್ಣ ಚಾಲಕರಹಿತ ವಾಹನಕ್ಕೆಂದೇ ಬರೆದ ಸುರಕ್ಷತಾ ಮಾನದಂಡ ನಮ್ಮ ದೇಶದಲ್ಲಿ ಇನ್ನೂ ಜಾರಿಗೆ ಬಂದಿಲ್ಲ.

ಮಾನದಂಡ ಬರೆಯುವುದು ನಮಗೆ ಹೊಸದೇನೂ ಅಲ್ಲ. 2019ರ ಜುಲೈ 1ರಿಂದ ತಯಾರಾಗುವ ಪ್ರತಿ ಕಾರಿನಲ್ಲಿಯೂ ಚಾಲಕನಿಗೆ ಗಾಳಿಚೀಲ, ಸೀಟ್ ಬೆಲ್ಟ್ ನೆನಪಿಸುವ ಸದ್ದು, 80 ಕಿಲೋಮೀಟರ್ ವೇಗ ದಾಟಿದರೆ ಎಚ್ಚರಿಸುವ ಗಂಟೆ, ಹಿಂದಕ್ಕೆ ತೆಗೆಯುವಾಗ ಅಡ್ಡಿಯನ್ನು ತಿಳಿಸುವ ಸಾಧನ ಕಡ್ಡಾಯವಾದವು. ಕೇಂದ್ರ ಮೋಟಾರು ವಾಹನ ನಿಯಮಗಳ 126ನೆಯ ನಿಯಮದಂತೆ ಪ್ರತಿ ಹೊಸ ಮಾದರಿಯೂ ಪುಣೆಯ ಎ.ಆರ್.ಎ.ಐ., ಮಾನೇಸರದ ಐಕ್ಯಾಟ್ ಮೊದಲಾದ ಸಂಸ್ಥೆಗಳಲ್ಲಿ ಪರೀಕ್ಷೆಗೆ ಒಳಗಾಗಬೇಕು. 2023ರ ಅಕ್ಟೋಬರ್‌ನಿಂದ ಭಾರತ್ ಎನ್‌ಕ್ಯಾಪ್ ಎಂಬ ವ್ಯವಸ್ಥೆಯಲ್ಲಿ ಕಾರುಗಳನ್ನು ಗುದ್ದಿಸಿ ನೋಡಿ ನಕ್ಷತ್ರಗಳ ಅಂಕ ಕೊಡಲಾಗುತ್ತಿದೆ. 2025ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯವು ಬಸ್ಸು, ಲಾರಿಗಳಿಗೆ ತಾನೇ ಬೀಳುವ ತುರ್ತು ಬ್ರೇಕ್ ಹಾಗೂ ಚಾಲಕನ ತೂಕಡಿಕೆಯನ್ನು ಗುರುತಿಸುವ ಸಾಧನಗಳನ್ನು ಕಡ್ಡಾಯಗೊಳಿಸುವ ಕರಡು ನಿಯಮಗಳನ್ನು ಪ್ರಕಟಿಸಿತು. ಇವೆಲ್ಲವೂ ಚಾಲಕನಿಗೆ ಒತ್ತಾಸೆಯಾಗುವ ಮಾನದಂಡಗಳು. ಚಾಲಕನ ಜಾಗದಲ್ಲಿ ಕೂರುವ ಯಂತ್ರಕ್ಕೆ ಎಂಟು ಹಾಕಿಸುವ ಮೈದಾನ ಇನ್ನೂ ಸಿದ್ಧವಾಗಿಲ್ಲ.

ಯಂತ್ರವನ್ನು ದೂರುವುದು ನಮ್ಮ ಉದ್ದೇಶವಲ್ಲ

ವಾಚಕರು ತಪ್ಪು ತಿಳಿಯಬಾರದು. ಮನುಷ್ಯ ಚಾಲಕರ ಕೈಯಲ್ಲಿ ನಮ್ಮ ರಸ್ತೆಗಳು ಸುರಕ್ಷಿತವಾಗಿವೆಯೆಂದು ಹೇಳುವ ಧೈರ್ಯ ನಮಗಿಲ್ಲ. 2022ರ ಒಂದೇ ವರ್ಷದಲ್ಲಿ ಭಾರತದಲ್ಲಿ 4,61,312 ರಸ್ತೆ ಅಪಘಾತಗಳಾಗಿ 1,68,491 ಜನ ಪ್ರಾಣ ಕಳೆದುಕೊಂಡರು. ಎಂದರೆ ದಿನಕ್ಕೆ 460ಕ್ಕೂ ಹೆಚ್ಚು ಮನೆಗಳಲ್ಲಿ ಕತ್ತಲೆ. ಕುಡಿತ, ತೂಕಡಿಕೆ, ಮೊಬೈಲು, ಅವಸರ ಇವು ಯಂತ್ರಕ್ಕಿಲ್ಲ. ರಾತ್ರಿಯೆಲ್ಲ ಓಡಿಸಿ ಬೆಳಗಿನ ಜಾವ ದಾಬಸ್‌ಪೇಟೆಯ ಬಳಿ ಕಣ್ಣು ಮುಚ್ಚಿಬರುತ್ತಿದ್ದ ದಿನಗಳನ್ನು ನಮ್ಮ ಬಂಧುಗಳೇ ನೆನೆದು, "ಆಗ ಯಾರಾದರೂ ನನ್ನನ್ನು ಎಬ್ಬಿಸೋ ಯಂತ್ರ ಕೊಟ್ಟಿದ್ದರೆ ಕೈಮುಗೀತಿದ್ದೆ" ಎಂದರು. ಜೀವ ಉಳಿಸುವ ಯಂತ್ರವನ್ನು ಬೇಡವೆನ್ನುವುದು ಧರ್ಮವಲ್ಲ. ಆದರೆ ಅದು ಜೀವ ಉಳಿಸುತ್ತದೆಯೆಂಬುದನ್ನು ತಯಾರಕರ ಮಾತಿನಿಂದಲ್ಲ, ಪರೀಕ್ಷೆಯಿಂದ ತಿಳಿಯಬೇಕು.

ಪೀಣ್ಯದ ರಸ್ತೆಯೆಂಬ ಪರೀಕ್ಷೆ

2018ರ ಮಾರ್ಚ್ 18ರ ರಾತ್ರಿ ಅಮೆರಿಕದ ಅರಿಜೋನಾ ರಾಜ್ಯದ ಟೆಂಪಿ ಎಂಬ ಊರಿನಲ್ಲಿ, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಯೊಬ್ಬರಿಗೆ ಊಬರ್ ಸಂಸ್ಥೆ ಪರೀಕ್ಷೆಗೆ ಬಿಟ್ಟಿದ್ದ ಸ್ವಯಂಚಾಲನೆಯ ಕಾರು ಬಡಿದು ಅವರು ತೀರಿಕೊಂಡರು. ಆ ದೇಶದ ಸಾರಿಗೆ ಸುರಕ್ಷತಾ ಮಂಡಳಿ 2019ರಲ್ಲಿ ತನಿಖೆಯ ವಿವರ ಕೊಟ್ಟಿತು. ಬಡಿಯುವ 5.6 ಸೆಕೆಂಡು ಮೊದಲೇ ಯಂತ್ರಕ್ಕೆ ಅವರು ಕಂಡಿದ್ದರು. ಆದರೆ ಅದು ಅವರನ್ನು ಒಮ್ಮೆ ವಾಹನವೆಂದು, ಒಮ್ಮೆ ಬೇರೇನೋ ವಸ್ತುವೆಂದು, ಒಮ್ಮೆ ಸೈಕಲ್ಲೆಂದು ಎಣಿಸುತ್ತಲೇ ಹೋಯಿತು. ಗೆರೆ ಎಳೆದ ದಾಟುದಾರಿಯನ್ನು ಬಿಟ್ಟು ಬೇರೆಡೆ ಮನುಷ್ಯರು ರಸ್ತೆ ದಾಟಬಹುದೆಂಬ ಅರಿವನ್ನೇ ಅದಕ್ಕೆ ಕಲಿಸಿರಲಿಲ್ಲ. ಎಚ್ಚರಿಕೆಗೆಂದು ಗಾಡಿಯಲ್ಲಿ ಕೂರಿಸಿದ್ದ ವ್ಯಕ್ತಿಯ ಕಣ್ಣು ಮೊಬೈಲಿನ ಮೇಲಿತ್ತು.

ಈಗ ಪೀಣ್ಯವನ್ನು ನೆನೆಯಿರಿ. ಸಂಜೆ ಪಾಳಿ ಬಿಟ್ಟೊಡನೆ ಗಾರ್ಮೆಂಟ್ಸ್ ಕಾರ್ಖಾನೆಗಳ ಹೆಣ್ಣುಮಕ್ಕಳು ಊಟದ ಚೀಲ ಹಿಡಿದು ಸಾಲುಸಾಲಾಗಿ ರಸ್ತೆಗೆ ಬರುತ್ತಾರೆ. ಕಬ್ಬಿಣದ ಸರಳು ಹೇರಿದ ತ್ರಿಚಕ್ರ ಟೆಂಪೋ ಹಿಂದಕ್ಕೆ ಬರುತ್ತಿರುತ್ತದೆ. ಹಂಪಿಗೆ ಬಳಿದ ಬಣ್ಣ ಮಾಸಿರುತ್ತದೆ. ಗುಂಡಿ ತಪ್ಪಿಸಲು ಸ್ಕೂಟರು ಎಡಕ್ಕೆ ಸರಿದರೆ ಆಟೋ ಬಲಕ್ಕೆ ನುಗ್ಗುತ್ತದೆ. ನಡುವೆ ದನವೊಂದು ನಿಂತಿರುತ್ತದೆ. ಗೆರೆಯ ದಾಟುದಾರಿಯಲ್ಲಿಯೇ ದಾಟಬೇಕೆಂದರೆ ಅಲ್ಲಿಯ ಜನ ಮನೆ ಸೇರುವುದು ಯಾವಾಗ? ಲಾರಿ ಚಾಲಕ ತಲೆ ತುಸು ಅಲ್ಲಾಡಿಸಿದರೆ 'ದಾಟಮ್ಮ' ಎಂದು ಅರ್ಥ. ದಾಟುವವರು ಕೈ ಎತ್ತಿದರೆ 'ನಿಲ್ಲಪ್ಪ' ಎಂದು ಅರ್ಥ. ಈ ಲಿಪಿಯಿಲ್ಲದ ಭಾಷೆಯನ್ನು ಯಂತ್ರ ಕಲಿಯಬೇಕು.

ಈ ದಿಕ್ಕಿನಲ್ಲಿ ಒಳ್ಳೆಯ ಕೆಲಸವೂ ನಡೆದಿದೆ. 2018ರಲ್ಲಿ ಹೈದರಾಬಾದಿನ ಐಐಐಟಿ ಸಂಸ್ಥೆ ಮತ್ತು ಇಂಟೆಲ್ ಸೇರಿ ಭಾರತದ ರಸ್ತೆಗಳ ಚಿತ್ರಕೋಶವೊಂದನ್ನು ಹೊರತಂದವು. ಹೈದರಾಬಾದು, ಬೆಂಗಳೂರು ಮತ್ತು ಅವುಗಳ ಹೊರವಲಯದಲ್ಲಿ ಕಾರಿನ ಮುಂದೆ ಕ್ಯಾಮೆರಾ ಇಟ್ಟು 182 ಪ್ರಯಾಣಗಳಲ್ಲಿ ತೆಗೆದ ಸುಮಾರು 10,000 ಚಿತ್ರಗಳನ್ನು 34 ಬಗೆಯ ವಸ್ತುಗಳಾಗಿ ಗುರುತು ಮಾಡಲಾಯಿತು. ಜರ್ಮನಿಯ ನಗರಗಳ ಚಿತ್ರಗಳಿಂದ ಕಲಿತ ಯಂತ್ರಕ್ಕೆ ಆಟೋರಿಕ್ಷಾ ಎಂದರೆ ತಿಳಿಯದು. ಆದುದರಿಂದ ಈ ಪಟ್ಟಿಯಲ್ಲಿ ಆಟೋಗೆ, ಪ್ರಾಣಿಗೆ ಬೇರೆ ಬೇರೆ ಗುರುತುಗಳಿವೆ. 'ರಸ್ತೆಯಲ್ಲ, ಆದರೂ ಗಾಡಿ ಇಳಿಸಬಹುದು' ಎನ್ನುವಂತಹ ಅಂಚಿನ ಮಣ್ಣಿಗೂ ಒಂದು ಗುರುತಿದೆ! ನಮ್ಮ ರಸ್ತೆ ಬೇರೆಯೆಂದು ವಿದ್ವಾಂಸರೇ ಒಪ್ಪಿದ ಮೇಲೆ, ಬೇರೆ ದೇಶದ ರಸ್ತೆಯಲ್ಲಿ ಪಡೆದ ಅಂಕಪಟ್ಟಿಯನ್ನು ತಂದು ಇಲ್ಲಿ ಪಾಸು ಮಾಡಿ ಎನ್ನುವುದು ಸಲ್ಲದು.

ಗಾಡಿ ನಿಂತ ಮೇಲೆ

ಇನ್ನು ನಮ್ಮ ಯಜಮಾನರ ಪ್ರಶ್ನೆ. ಅದು ಹಳೆಯ ಕಾಲದವರ ಅಂಜಿಕೆಯ ಮಾತೆಂದು ಯಾರೂ ತಳ್ಳಿಹಾಕಬಾರದು. 2023ರ ಅಕ್ಟೋಬರ್ 2ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಮನುಷ್ಯನೊಬ್ಬ ಓಡಿಸುತ್ತಿದ್ದ ಕಾರು ಪಾದಚಾರಿ ಮಹಿಳೆಯೊಬ್ಬರಿಗೆ ಬಡಿದು ಓಡಿಹೋಯಿತು. ಆಕೆ ಪಕ್ಕದಲ್ಲಿ ಬರುತ್ತಿದ್ದ ಕ್ರೂಸ್ ಎಂಬ ಸಂಸ್ಥೆಯ ಚಾಲಕನಿಲ್ಲದ ಟ್ಯಾಕ್ಸಿಯ ಮುಂದೆ ಬಿದ್ದರು. ಆ ಟ್ಯಾಕ್ಸಿ ಬ್ರೇಕ್ ಹಾಕಿ ನಿಂತಿತು. ಆಮೇಲೆ, ಅಪಘಾತವಾದರೆ ರಸ್ತೆಯ ಬದಿಗೆ ಸರಿಯಬೇಕೆಂದು ಕಲಿಸಿದ್ದ ಪಾಠದಂತೆ ಮತ್ತೆ ಹೊರಟು, ಕೆಳಗೆ ಸಿಕ್ಕಿದ್ದ ಆಕೆಯನ್ನು ಸುಮಾರು 20 ಅಡಿ ಎಳೆದುಕೊಂಡು ಹೋಯಿತು.

ನಿಂತದ್ದು ಸರಿಯಾಗಿತ್ತು. ತಪ್ಪಿದ್ದು ನಿಂತ ಮೇಲೆ. ಚಕ್ರದ ಮುಂದೆ ಕುಳಿತ ಯಾವ ಮನುಷ್ಯನಾದರೂ ಮೊದಲು ಇಳಿದು ಕೆಳಗೆ ಬಗ್ಗಿ ನೋಡುತ್ತಿದ್ದ. ಆ ತಿಂಗಳ 24ರಂದು ಕ್ಯಾಲಿಫೋರ್ನಿಯಾ ರಾಜ್ಯದ ಮೋಟಾರು ವಾಹನ ಇಲಾಖೆ ಆ ಸಂಸ್ಥೆಯ ಪರವಾನಗಿಯನ್ನು ಅಮಾನತಿನಲ್ಲಿಟ್ಟಿತು. ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ ಎಳೆದುಕೊಂಡು ಹೋದ ಸಂಗತಿಯನ್ನು ಬಿಟ್ಟದ್ದನ್ನು ಸಂಸ್ಥೆ 2024ರಲ್ಲಿ ಒಪ್ಪಿಕೊಂಡು 5 ಲಕ್ಷ ಡಾಲರ್ ದಂಡ ತೆತ್ತಿತು. ಆ ವರ್ಷದ ಕೊನೆಗೆ ಅದರ ಒಡೆಯರಾದ ಜನರಲ್ ಮೋಟಾರ್ಸ್ ಆ ಟ್ಯಾಕ್ಸಿ ಉದ್ಯಮಕ್ಕೆ ಹಣ ಹೂಡುವುದನ್ನು ನಿಲ್ಲಿಸಿತು. ಪರವಾನಗಿಯನ್ನು ಕೊಡುವ ಮತ್ತು ಕಿತ್ತುಕೊಳ್ಳುವ ಅಧಿಕಾರವುಳ್ಳ ಇಲಾಖೆಯೊಂದು ಅಲ್ಲಿದ್ದುದರಿಂದಲೇ ಇಷ್ಟಾದರೂ ನಡೆಯಿತೆಂಬುದನ್ನು ನಾವು ಗಮನಿಸಬೇಕು.

ಉಳಿದ ದೇಶಗಳು ಬರೆದ ಉತ್ತರ

ವಿಶ್ವಸಂಸ್ಥೆಯ ಆಶ್ರಯದಲ್ಲಿ ಜಿನೀವಾದಲ್ಲಿ ಸೇರುವ ವಾಹನ ನಿಯಮಗಳ ವೇದಿಕೆಯು 2020ರ ಜೂನ್‌ನಲ್ಲಿ 157ನೆಯ ನಿಯಮವನ್ನು ಅಂಗೀಕರಿಸಿತು. ಮೂರನೆಯ ಮೆಟ್ಟಿಲಿನ ಕಾರುಗಳಿಗೆ ಮೊದಲು ಗಂಟೆಗೆ 60 ಕಿಲೋಮೀಟರ್ ಮೀರದಂತೆ, ಪಾದಚಾರಿಗಳಿಗೂ ಸೈಕಲ್‌ಗಳಿಗೂ ಪ್ರವೇಶವಿಲ್ಲದ ಹೆದ್ದಾರಿಗಳಲ್ಲಿ ಮಾತ್ರ ಅದು ಅವಕಾಶ ಕೊಟ್ಟಿತು. ಯಾವ ಕ್ಷಣದಲ್ಲಿ ಓಡಿಸುತ್ತಿದ್ದುದು ಮನುಷ್ಯನೋ ಯಂತ್ರವೋ ಎಂಬುದನ್ನು ದಾಖಲಿಸುವ ಪೆಟ್ಟಿಗೆ ಗಾಡಿಯಲ್ಲಿರಲೇಬೇಕೆಂದು ವಿಧಿಸಿತು. ನ್ಯಾಯಾಲಯದಲ್ಲಿ ಸಾಕ್ಷಿ ಹೇಳಲು ಬಾಯಿಲ್ಲದ ಯಂತ್ರಕ್ಕೆ ಅದೇ ಸಾಕ್ಷಿ.

ಬ್ರಿಟನ್ 2024ರ ಮೇ ತಿಂಗಳಲ್ಲಿ ಸ್ವಯಂಚಾಲನೆಯ ವಾಹನಗಳಿಗೆಂದೇ ಕಾನೂನು ಮಾಡಿತು. ಎಚ್ಚರಿಕೆಯುಳ್ಳ, ಪಳಗಿದ ಮನುಷ್ಯ ಚಾಲಕನಿಗೆ ಸಮನಾಗಿ ಅಥವಾ ಅದಕ್ಕೂ ಮಿಗಿಲಾಗಿ ಗಾಡಿ ಸುರಕ್ಷಿತವಾಗಿರಬೇಕೆಂಬುದು ಅದರ ಅಳತೆಗೋಲು. ಪ್ರತಿ ಗಾಡಿಗೂ ಉತ್ತರ ಕೊಡುವ ಅಧಿಕೃತ ಸಂಸ್ಥೆಯೊಂದು ಹೆಸರು ಸಹಿತ ಇರಬೇಕು. ಯಂತ್ರವು ಓಡಿಸುತ್ತಿದ್ದಾಗ ಆದ ಚಾಲನೆಯ ತಪ್ಪಿಗೆ ಒಳಗೆ ಕುಳಿತವನು ಅಪರಾಧಿಯಲ್ಲ. ಆ ಸಂಸ್ಥೆ ಹೊಣೆ. ಅಪಘಾತಗಳ ತನಿಖೆಗೆ ಪ್ರತ್ಯೇಕ ತನಿಖಾಧಿಕಾರಿಗಳನ್ನೂ ಕಾನೂನು ನೇಮಿಸುತ್ತದೆ. ಕಾನೂನಾದರೂ ಆತುರವಿಲ್ಲ, ಪೂರ್ಣ ಜಾರಿಗೆ ಅಲ್ಲಿನ ಸರ್ಕಾರ ಇಟ್ಟುಕೊಂಡ ಗುರಿ 2027ರ ಉತ್ತರಾರ್ಧ.

ಹಳದಿ ಮಾರ್ಗದ ಪಾಠ

ಇದಕ್ಕೆಲ್ಲ ಪರದೇಶವನ್ನೇ ನೋಡಬೇಕೆಂದಿಲ್ಲ. ಅಂದು ನಾವು ಪಯಣಿಸಿದ ಮೆಟ್ರೋ ಮಾರ್ಗವೇ ಪಾಠ ಹೇಳುತ್ತದೆ. 19.15 ಕಿಲೋಮೀಟರ್ ಉದ್ದದ, 16 ನಿಲ್ದಾಣಗಳ ಈ ಮಾರ್ಗಕ್ಕೆ ಮೊದಲ ರೈಲು ಹೆಬ್ಬಗೋಡಿ ಡಿಪೋಗೆ ಬಂದದ್ದು 2024ರ ಫೆಬ್ರವರಿಯಲ್ಲಿ. ಜನರು ಹತ್ತಿದ್ದು ಸುಮಾರು ಒಂದೂವರೆ ವರ್ಷದ ಅನಂತರ. ಉಳಿದ ರೈಲುಗಳಿಗಾಗಿ ಕಾದದ್ದು ಒಂದು ಕಾರಣ. ಸಾಲುಸಾಲು ಪರೀಕ್ಷೆಗಳು ಇನ್ನೊಂದು. ಕೊನೆಯಲ್ಲಿ ಮೆಟ್ರೋ ರೈಲು ಸುರಕ್ಷತಾ ಆಯುಕ್ತರು ಬಂದು ಹಳಿ, ಸಂಕೇತ, ರೈಲುಗಳನ್ನು ಪರಿಶೀಲಿಸಿ ಒಪ್ಪಿಗೆ ಕೊಟ್ಟ ಮೇಲೆಯೇ ಬಾಗಿಲು ತೆರೆಯಿತು. ನಿತ್ಯ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಜನ ಈ ವಿಳಂಬಕ್ಕೆ ಗೊಣಗಿದ್ದು ನಿಜ, ನಾವೂ ಗೊಣಗಿದ್ದೇವೆ.

ಆದರೆ ಈ ಆಯುಕ್ತರು ಯಾರ ಕೈಕೆಳಗಿನವರು ಬಲ್ಲಿರಾ? ರೈಲ್ವೆ ಸಚಿವಾಲಯದವರಲ್ಲ, ಮೆಟ್ರೋ ನಿಗಮದವರೂ ಅಲ್ಲ. ನಾಗರಿಕ ವಿಮಾನಯಾನ ಸಚಿವಾಲಯಕ್ಕೆ ಸೇರಿದವರು! ರೈಲು ಓಡಿಸುವವರೇ ರೈಲಿನ ಸುರಕ್ಷತೆಯನ್ನೂ ಪರೀಕ್ಷಿಸಬಾರದೆಂದು 1941ರಲ್ಲಿಯೇ ಈ ತಪಾಸಣಾ ವಿಭಾಗವನ್ನು ರೈಲ್ವೆ ಮಂಡಳಿಯ ಹಿಡಿತದಿಂದ ಹೊರತಂದು ಬೇರೆ ಇಲಾಖೆಗೆ ಸೇರಿಸಲಾಯಿತು. ಅಡ್ಡ ಬರುವವರಿಲ್ಲದ ಎತ್ತರದ ಹಳಿಯ ಮೇಲಿನ ಗಾಡಿಗೇ ಇಷ್ಟು ಎಚ್ಚರವಾದರೆ, ಅದರ ಕೆಳಗೆ ಜನ, ದನ, ಆಟೋಗಳ ನಡುವೆ ಓಡಲಿರುವ ಗಾಡಿಗೆ ಎಷ್ಟಿರಬೇಕು?

ಕಾಯಕದ ಮಾತು

ಕೇಂದ್ರ ಸಚಿವ ನಿತಿನ್ ಗಡ್ಕರಿ ಅವರು 2017ರಲ್ಲಿಯೂ, ಮತ್ತೆ 2023ರ ಡಿಸೆಂಬರ್‌ನಲ್ಲಿಯೂ ಚಾಲಕರಹಿತ ಕಾರುಗಳನ್ನು ಭಾರತದಲ್ಲಿ ಬಿಡುವುದಿಲ್ಲವೆಂದರು. ಲಕ್ಷಾಂತರ ಚಾಲಕರ ಅನ್ನ ಹೋಗುತ್ತದೆಂಬುದು ಅವರು ಕೊಟ್ಟ ಕಾರಣ. ಈ ಕಾಳಜಿ ನಮಗೆ ಹತ್ತಿರವಾದುದು. ಕಾಯಕವನ್ನು ಪೂಜೆಗೆ ಸಮವೆಂದು ತಿಳಿದವರು ನಾವು. ಶರಣರ ನಡುವೆ ತುಂಗಭದ್ರೆಯಲ್ಲಿ ದೋಣಿ ನಡೆಸುತ್ತಿದ್ದ ಅಂಬಿಗರ ಚೌಡಯ್ಯನವರು ಇದ್ದರು. ಹತ್ತಿದವರನ್ನು ಆಚೆಯ ದಡ ಮುಟ್ಟಿಸುವುದು ಅವರ ಕಾಯಕವಾಗಿತ್ತು. ದೋಣಿ ನಡೆಸುವುದು ಬರಿಯ ತೋಳಿನ ಕೆಲಸವಲ್ಲ, ಹತ್ತಿದವರ ಪ್ರಾಣದ ಹೊಣೆ. ಲಾರಿ, ಬಸ್ಸು, ಆಟೋಗಳ ಚಾಲಕರದೂ ಅದೇ ಕಾಯಕ.

ಆದರೆ ಬೇಡವೆಂಬ ಒಂದು ಮಾತಿನಿಂದ ಕೆಲಸ ಮುಗಿಯುವುದಿಲ್ಲ. ಮಂತ್ರಿಗಳು ಬದಲಾಗುತ್ತಾರೆ, ನೀತಿಗಳೂ ಬದಲಾಗುತ್ತವೆ. 2ಬಿ ಕಲಮು ಪುಸ್ತಕದಲ್ಲಿಯೇ ಇದೆ. ಗಾಡಿಗಳು ಮೊದಲು ಕಾರ್ಖಾನೆಯ ಆವರಣಕ್ಕೆ, ಆಮೇಲೆ ಟೆಕ್ ಪಾರ್ಕಿನ ಒಳದಾರಿಗೆ, ಅಲ್ಲಿಂದ ಒಂದು ದಿನ ಗೇಟಿನ ಹೊರಗೆ ಬರಬಹುದು. ಅಂದು ಅವಸರದಲ್ಲಿ ನಿಯಮ ಬರೆಯುವುದಕ್ಕಿಂತ ಇಂದು ಸಾವಧಾನದಿಂದ ಬರೆಯುವುದು ಲೇಸು.

ನಾವು ಕೇಳಬೇಕಾದುದು

ನಮ್ಮ ಅರಿವಿನ ಮಟ್ಟಿಗೆ, ಸರ್ಕಾರದ ಮಾನದಂಡದಲ್ಲಿ ಮೂರು ಸಂಗತಿಗಳು ಇರಲೇಬೇಕು.

ಮೊದಲನೆಯದು, ಹೆಸರು. ಪ್ರತಿ ಚಾಲಕರಹಿತ ಗಾಡಿಯ ನೋಂದಣಿ ಪತ್ರದಲ್ಲಿಯೇ, ಅದರ ನಡತೆಗೆ ಉತ್ತರ ಕೊಡುವ ಸಂಸ್ಥೆ ಯಾವುದೆಂದು ಬರೆದಿರಬೇಕು. ಮಾಲೀಕ ಕಂಪನಿಯನ್ನು ತೋರಿಸಿ, ಕಂಪನಿ ತಂತ್ರಾಂಶದವರನ್ನು ತೋರಿಸಿ, ತಂತ್ರಾಂಶದವರು ಕ್ಯಾಮೆರಾ ಮಾಡಿದವರನ್ನು ತೋರಿಸುವ ಆಟದಲ್ಲಿ ಬಡ ಗಾಯಾಳು ಬಲಿಯಾಗಬಾರದು. ಇಂದಿನ ಕಾನೂನಿನ 164ನೆಯ ಕಲಮು ಯಾರ ತಪ್ಪೆಂದು ಸಾಧಿಸದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ರೂಪಾಯಿ ಪರಿಹಾರವನ್ನು ಗೊತ್ತುಪಡಿಸಿದೆ. ಈ ಹಕ್ಕು ಯಂತ್ರದ ಕಾಲದಲ್ಲಿಯೂ ಉಳಿಯಬೇಕು.

ಎರಡನೆಯದು, ಪರೀಕ್ಷೆ. ಪೀಣ್ಯದ ಪಾಳಿ ಬಿಡುವ ಹೊತ್ತು, ವೈಟ್‌ಫೀಲ್ಡಿನ ಮಳೆಯ ಸಂಜೆ, ಎಲೆಕ್ಟ್ರಾನಿಕ್ ಸಿಟಿಯ ಸರ್ವೀಸ್ ರಸ್ತೆ ಇವುಗಳಂತಹ ರಸ್ತೆಗಳನ್ನು ಹೋಲುವ ಕಡೆಯಲ್ಲಿ, ತಯಾರಕರಿಗೆ ಸೇರದ ಪರೀಕ್ಷಕರ ಮುಂದೆ ಗಾಡಿ ಓಡಿ ತೋರಿಸಬೇಕು. ಫಲಿತಾಂಶ ಸಾರ್ವಜನಿಕರಿಗೆ ತಿಳಿಯಬೇಕು.

ಮೂರನೆಯದು, ನಿಂತ ಮೇಲಿನ ಕರ್ತವ್ಯ. ಯಾರಿಗಾದರೂ ತಗುಲಿದರೆ ಗಾಡಿ ನಿಂತಲ್ಲಿಯೇ ನಿಲ್ಲಬೇಕು. ಮನುಷ್ಯನೊಬ್ಬ ಬಂದು ನೋಡಿ ಹೇಳುವ ತನಕ ಒಂದಿಂಚೂ ಕದಲಬಾರದು. ತಾನಾಗಿಯೇ 108ಕ್ಕೆ ಕರೆ ಹೋಗಬೇಕು. ದಾಖಲೆಯ ಪೆಟ್ಟಿಗೆ ಅಳಿಸಲಾಗದಂತಿರಬೇಕು. ದೂರದಲ್ಲಿ ಕುಳಿತಾದರೂ ಗಾಡಿಯನ್ನು ನೋಡಿಕೊಳ್ಳುವ ಹೊಣೆಗಾರ ವ್ಯಕ್ತಿ ಇರಬೇಕು. 134ನೆಯ ಕಲಮಿನಲ್ಲಿ 'ಚಾಲಕ' ಎಂದಿರುವ ಕಡೆ ಖಾಲಿ ಬಿಡುವಂತಿಲ್ಲ.

ಈ ಮಾತುಗಳನ್ನು ವಿಧಾನಸೌಧಕ್ಕೋ ದೆಹಲಿಗೋ ಮುಟ್ಟಿಸುವುದು ಒಂದು ದಾರಿ. ನಮ್ಮ ಓದುಗ ಕುಟುಂಬಗಳಿಗೆ ಇನ್ನೂ ಹತ್ತಿರದ ದಾರಿಯೊಂದಿದೆ. ಈ ಯಂತ್ರಗಳಿಗೆ ಬುದ್ಧಿ ಬರೆಯುತ್ತಿರುವವರು ನಮ್ಮ ಮನೆಗಳಲ್ಲಿಯೇ ಇದ್ದಾರೆ. ರಾತ್ರಿ ಊಟಕ್ಕೆ ಕುಳಿತಾಗ ಮಕ್ಕಳನ್ನು ಕೇಳಿರಿ: ನಿಮ್ಮ ಪರೀಕ್ಷೆಯ ಪಟ್ಟಿಯಲ್ಲಿ ಗಾಡಿ ನಿಂತ ಮೇಲಿನ ಸಾಲು ಇದೆಯೇ? ರಸ್ತೆ ದಾಟುವ ಮುದುಕಿಯ ಸಾಲು ಇದೆಯೇ?

ಕಳೆದ ತಿಂಗಳು ಆ ಮಗ ನಮ್ಮ ಮನೆಗೆ ಬಂದಿದ್ದರು. ತಮ್ಮ ತಂಡದ ಸಭೆಯಲ್ಲಿ ತಂದೆಯ ಪ್ರಶ್ನೆಯನ್ನು ಎತ್ತಿದರಂತೆ. ಮೊದಲು ಕೆಲವರು ನಕ್ಕರಂತೆ. ಆಮೇಲೆ ಹಿರಿಯ ಅಧಿಕಾರಿಯೊಬ್ಬರು ಅದನ್ನು ಬರೆದುಕೊಂಡರಂತೆ. ಅದರಿಂದ ಏನಾಯಿತೆಂದು ತಿಳಿಯಲು ಕಾಯಬೇಕು. "ಅಪ್ಪಾಜಿಗೆ ಹೇಳಿದಿರಾ?" ಎಂದು ನಾವು ಕೇಳಿದೆವು. "ಹೇಳಿದೆ. 'ಬರಕೊಂಡರೆ ಸಾಲದು, ಇಳಿದು ನೋಡೋ ತನಕ ಕೇಳ್ತಾನೇ ಇರು' ಅಂದರು" ಎಂದರು.

ಕೇಳುತ್ತಲೇ ಇರೋಣ.